ಮಾವನಿಗೆ ಒಂದು ನಿಮಿಷದ ಮೌನ

ಊರಿನ ಫುಟ್‌ಬಾಲ್ ಕ್ಲಬ್ಬು ಸತ್ತ ದಿನವೇ ಮಾವನೂ ಸತ್ತರೆಂದು ಎಲ್ಲರೂ ನಂಬಿಬಿಟ್ಟಿದ್ದರು. ಕ್ಲಬ್ಬು ಸತ್ತಿಲ್ಲ ಎಂಬುದು ಮಾರನೆಯ ದಿನವೇ ಗೊತ್ತಾಯಿತು. ಮಾವನೂ ಸತ್ತಿರಲಿಲ್ಲ. ಆದರೆ ಕ್ಲಬ್ಬಿನ ಸುದ್ದಿಯನ್ನು ತಿದ್ದುವುದಕ್ಕೆ ವಕೀಲರಿದ್ದರು, ಪತ್ರಿಕೆಗಳಿದ್ದವು. ಮಾವನ ಸುದ್ದಿಯನ್ನು ತಿದ್ದುವುದಕ್ಕೆ ಇದ್ದವನು ಅಳಿಯ ಒಬ್ಬನೇ. ಆ ಅಳಿಯನೋ, ಬೇಡವಾದ ಕಡೆ ಹೂಂ ಅಂದು, ಬೇಕಾದ ಕಡೆ ಬಾಯಿಗೆ ಬೀಗ ಹಾಕಿಕೊಳ್ಳುವ ಮಹಾಪುರುಷ.

ಅವನಿಗೆ 'ಆಫ್‌ಸೈಡ್' ಎಂದು ಹೆಸರಿಟ್ಟವರೂ ಮಾವನೇ. ಮಗಳನ್ನು ಕೊಡುತ್ತೇನೆ ಎಂದು ಅವರು ಹೇಳುವ ಮೊದಲೇ ಈತ ಮದುವೆಗೆಂದು ಹೊಸ ಬೂಟು ಹಾಕಿಕೊಂಡು ಬಂದು ನಿಂತಿದ್ದನಂತೆ. "ಚೆಂಡು ಬರೋಕೆ ಮುಂಚೆನೇ ಗೋಲಿನ ಮುಂದೆ ಹೋಗಿ ನಿಂತಿರ್ತಾನೆ. ನಿಂತ್ಕೊಂಡು ಕೈ ಬೇರೆ ಎತ್ತಿರ್ತಾನೆ" ಎಂದು ಮಾವ ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು. ಅಲ್ಲಿಂದ ಮುಂದೆ ಅವನ ಹೆಂಡತಿಯೂ ಸಿಟ್ಟು ಬಂದಾಗ ಅದೇ ಹೆಸರು ಹಿಡಿದು ಕರೆಯತೊಡಗಿದಳು. ಸಿಟ್ಟು ಅವಳಿಗೆ ದಿನಾ ಬರುತ್ತಿತ್ತು.

ಆಫ್‌ಸೈಡ್ ಕೆಲಸ ಮಾಡುತ್ತಿದ್ದದ್ದು ಹೆಸರು ಕೆತ್ತುವ ಅಂಗಡಿಯಲ್ಲಿ. ಗೆದ್ದವರ ಹೆಸರು ಬಹುಮಾನದ ಕಪ್ಪಿನ ಮೇಲೆ, ಮನೆ ಕಟ್ಟಿಸಿದವರ ಹೆಸರು ಬಾಗಿಲ ಫಲಕದ ಮೇಲೆ, ಸತ್ತವರ ಹೆಸರು ಕಲ್ಲಿನ ಮೇಲೆ. ಊರಿನಲ್ಲಿ ಗೆಲ್ಲುವವರೂ ಕಟ್ಟಿಸುವವರೂ ಕಡಿಮೆಯಾದ್ದರಿಂದ ಅಂಗಡಿ ನಡೆಯುತ್ತಿದ್ದದ್ದು ಮೂರನೆಯವರಿಂದಲೇ. ಅದಕ್ಕೇ ಅಂಗಡಿಯ ಧಣಿಗೆ ಸಾವೆಂದರೆ ಭಾರಿ ಗೌರವ. ಜ್ವರಕ್ಕೆ ರಜೆ ಕೊಡುತ್ತಿರಲಿಲ್ಲ, ಮಗುವಿನ ಶಾಲೆಗೆ ಕೊಡುತ್ತಿರಲಿಲ್ಲ. ಸಾವಿಗೆ ಮಾತ್ರ ಕಣ್ಣೀರಿನ ಸಮೇತ ಕೊಡುತ್ತಿದ್ದರು. ಹತ್ತಿರದವರು ಹೋದರೆ ಮೂರು ದಿನ, ದೂರದವರು ಹೋದರೆ ಅರ್ಧ ದಿನ.

ಮಾವ ಗೋದಾಮಿನಲ್ಲಿ ಕ್ರೇನು ನಡೆಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಯಲ್ಲಿದ್ದರು. ಹೃದಯದ ಕವಾಟ ಸಡಿಲವಾಗಿದೆ, ಈ ವರ್ಷ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದಾಗ, "ನಮ್ಮ ಗೋಲ್‌ಕೀಪರೂ ಹಂಗೇ ಇದಾನೆ ಡಾಕ್ಟ್ರೇ, ಯಾವುದನ್ನೂ ತಡೆಯೋದಿಲ್ಲ" ಎಂದು ನಕ್ಕು ಬಂದಿದ್ದರು. ಪೂರ್ವದ ಗ್ಯಾಲರಿಯಲ್ಲಿ, ಒಂದು ಕಬ್ಬಿಣದ ಕಂಬದ ಹಿಂದೆ, ಅವರದೊಂದು ಕಾಯಂ ಕುರ್ಚಿ ಇತ್ತು. ಅಲ್ಲಿ ಕೂತರೆ ಒಂದು ಕಡೆಯ ಗೋಲು ಪೂರ್ತಿ ಮರೆಯಾಗುತ್ತಿತ್ತು. "ನಮ್ಮ ಗೋಲು ಕಾಣಿಸೋದಿಲ್ಲ, ಅದಕ್ಕೇ ಇನ್ನೂ ಬದುಕಿದೀನಿ" ಎನ್ನುತ್ತಿದ್ದರು.

ಆ ವರ್ಷ ಕ್ಲಬ್ಬು ಹಳ್ಳ ಹಿಡಿಯಿತು. ಆಟಗಾರರಿಗೆ ಸಂಬಳ ನಿಂತಿತು, ಮೈದಾನದ ದೀಪ ಹೋಯಿತು, ಹುಲ್ಲು ಕೊಯ್ಯುವ ಯಂತ್ರವನ್ನು ಯಾರೋ ಸಾಲದವರು ಎಳೆದುಕೊಂಡು ಹೋದರು. ಒಂದು ದಿನ ಬೆಳಿಗ್ಗೆ 'ಕ್ಲಬ್ಬಿಗೆ ಬೀಗ, ನಾಳೆ ನ್ಯಾಯಾಲಯದ ಮುಂದೆ' ಎಂದು ಪತ್ರಿಕೆಯಲ್ಲಿ ಬಂತು. ಮಾವ ಪತ್ರಿಕೆ ಮಡಚಿಟ್ಟು, ತಿಂಡಿ ಮುಟ್ಟದೆ, ಗೋಡೆ ನೋಡುತ್ತ ಕೂತರು. ಆಮೇಲೆ, "ನನ್ನ ಕೋರ್ಟಿಗೆ ಕರ್ಕೊಂಡು ಹೋಗೋ. ಹೋಗೋದಾದ್ರೆ ಕಣ್ಣ ಮುಂದೆ ಹೋಗ್ಲಿ" ಎಂದರು.

ಆಫ್‌ಸೈಡ್ ಅಳುತ್ತಲೇ ರಜೆ ಕೇಳಲು ಅಂಗಡಿಗೆ ಹೋದ. ಕ್ಲಬ್ಬೆಂದರೆ ಅವನಿಗೂ ಪ್ರಾಣ.

"ಏನಾಯ್ತೋ?" ಎಂದರು ಧಣಿ.

"ಧಣಿ, ಮನೇಲಿ... ನಮ್ಮ ಮಾವ..." ಎಂದು ತೋಳಿನಿಂದ ಮೂಗು ಒರೆಸಿಕೊಂಡ.

"ಅಯ್ಯೋ ಶಿವನೇ! ಯಾವಾಗ?"

"ಬೆಳಿಗ್ಗೆ... ಪೇಪರ್ ಓದಿದ್ರು, ಅಷ್ಟೇ..."

"ಪೇಪರ್ ಓದ್ತಾ ಓದ್ತಾನೇ? ಎಂಥಾ ಪುಣ್ಯಾತ್ಮ! ಯಾರಿಗೂ ತೊಂದರೆ ಕೊಡಲಿಲ್ಲ ನೋಡು."

ಧಣಿಯ ಕೈ ಆಗಲೇ ಅವನ ಹೆಗಲ ಮೇಲಿತ್ತು, ಧಣಿಯ ಕಣ್ಣಲ್ಲಿ ಆಗಲೇ ನೀರಿತ್ತು. ಹಾಗಲ್ಲ ಧಣಿ, ಎನ್ನಲು ಆಫ್‌ಸೈಡ್ ಬಾಯಿ ತೆರೆದ. ಅದೇ ಹೊತ್ತಿಗೆ "ಮೂರು ದಿನ ಈ ಕಡೆ ತಲೆ ಹಾಕಬೇಡ" ಎಂಬ ಮಾತು ಕಿವಿಗೆ ಬಿತ್ತು. ತೆರೆದ ಬಾಯಿಂದ ಹೂಂ ಎಂಬ ಶಬ್ದ ತಾನಾಗಿ ಹೊರಬಂತು. ಒಬ್ಬ ಜೀವಂತ ಮನುಷ್ಯನನ್ನು ಸಾಯಿಸುವುದಕ್ಕೆ ಇದಕ್ಕಿಂತ ಕಡಿಮೆ ಶ್ರಮ ಪಟ್ಟವರು ಲೋಕದಲ್ಲಿ ಯಾರೂ ಇರಲಿಕ್ಕಿಲ್ಲ.

ನ್ಯಾಯಾಲಯದಲ್ಲಿ ಮಾರನೆಯ ದಿನ ಪವಾಡ ನಡೆಯಿತು. ಹಾಸಿಗೆ ಕಂಪನಿಯ ಸಾಹುಕಾರನೊಬ್ಬ ಎದ್ದು ನಿಂತು, ಕ್ಲಬ್ಬಿನ ಸಾಲವನ್ನೆಲ್ಲ ತಾನು ಹೊತ್ತುಕೊಳ್ಳುತ್ತೇನೆ ಎಂದುಬಿಟ್ಟ. ಮಾವ ಕ್ಲಬ್ಬಿನ ಹಸಿರು ಮಫ್ಲರನ್ನು ತಲೆಯ ಮೇಲೆ ಗಿರಗಿರ ತಿರುಗಿಸಿ, ಪೇದೆಯಿಂದ ಬೈಸಿಕೊಂಡು, ಹೊರಗೆ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಟ್ಟರು.

"ನೋಡೋ, ಇನ್ನು ನನಗೆ ಜಾಸ್ತಿ ಆಸೆ ಇಲ್ಲ. ನನ್ನ ಕುರ್ಚೀಲಿ ಕೂತು ಇನ್ನೊಂದು ಸಲ ಆಟ ನೋಡ್ಬೇಕು. ಅದಾದ ಮೇಲೆ ಈ ಕವಾಟ ಕಿತ್ಕೊಂಡು ಹೋದ್ರೂ ಸರಿ."

"ನೀವು ಕೂತೇ ಕೂರ್ತೀರಿ ಮಾವ, ನನ್ನ ಮಾತು" ಎಂದ ಆಫ್‌ಸೈಡ್. ಅವನ ಮಾತಿನ ಬೆಲೆ ಮಾವನಿಗೆ ಗೊತ್ತಿತ್ತು, ಆದರೂ ಆ ದಿನ ನಂಬಿದರು.

ಅದರ ಮಾರನೆಯ ಸಂಜೆ ಬಾಗಿಲು ಬಡಿದ ಸದ್ದಾಯಿತು. ತೆಗೆದವರು ಮಾವ. ಹೊರಗೆ ಧಣಿ, ಹಿಂದೆ ಇಬ್ಬರು ಕೆಲಸಗಾರರು, ಅವರ ಕೈಯಲ್ಲಿ ಗೋಣಿ ಸುತ್ತಿದ ಚಪ್ಪಟೆ ಕಲ್ಲು. ಧಣಿ ಮಾವನ ಹೆಸರು ಕೇಳಿ ಬಲ್ಲರು, ಮುಖ ಎಂದೂ ನೋಡಿದವರಲ್ಲ. ಮುಖ ಸಣ್ಣ ಮಾಡಿಕೊಂಡು ಒಳಗೆ ಬಂದು, ಗೋಣಿ ಸರಿಸಿ, ಕಲ್ಲನ್ನು ಮೇಜಿನ ಮೇಲಿಟ್ಟರು. ಮಾವ ಕನ್ನಡಕ ಹಾಕಿಕೊಂಡು ಓದಿದರು. ತಮ್ಮದೇ ಹೆಸರು. ಕೆಳಗೆ 'ಶಾಂತ ಸ್ವಭಾವದವರು'. ಅದರ ಕೆಳಗೆ, ಮೊನ್ನೆಯ ತಾರೀಕು.

ಅಡುಗೆಮನೆ ಬಾಗಿಲಲ್ಲಿ ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದ ಆಫ್‌ಸೈಡನ ಮುಖದಲ್ಲಿ ರಕ್ತವಿರಲಿಲ್ಲ. ಮಾವ ಕಲ್ಲನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿದರು. ಎಷ್ಟೋ ಟನ್ ತೂಕವನ್ನು ಜನರ ತಲೆಯ ಮೇಲಿಂದ ಅಲ್ಲಾಡದಂತೆ ಸಾಗಿಸಿದ ಮನುಷ್ಯ, ಎದೆ ಗಟ್ಟಿ.

"ನೀವು ಅವರಿಗೆ...?" ಎಂದರು ಧಣಿ.

"ಅಣ್ಣ" ಎಂದರು ಮಾವ. "ಸ್ವಂತ ಅಣ್ಣ."

"ಛೆ ಛೆ. ಕೊನೇಲಿ ಸಂಕಟ ಪಟ್ರಾ?"

"ಎಲ್ಲಿ ಪಡೋಕೆ ಬಿಟ್ಟ ಈ ಅಳಿಯ? ಒಂದೇ ಮಾತಿಗೆ ಮುಗಿಸಿಬಿಟ್ಟ."

"ಬಹಳ ಒಳ್ಳೆಯವರಂತೆ."

"ಯಾರು ಹೇಳಿದ್ದು? ಮಹಾ ಮುಂಗೋಪಿ. ಶಾಂತ ಸ್ವಭಾವ ಅಂತ ಕೆತ್ತಿದೀರಲ್ಲ, ಊರಲ್ಲಿರೋ ರೆಫರಿಗಳನ್ನ ಕೇಳಿ ನೋಡಿ."

ಧಣಿಗೆ ಆ ಒರಟು ಮಾತಿನ ಹಿಂದೆ ಅಣ್ಣನ ಅಂತಃಕರಣ ಕಂಡಿತು. ಕರವಸ್ತ್ರ ತೆಗೆದರು. ಅಷ್ಟರಲ್ಲಿ ಔಷಧದ ಅಂಗಡಿಯ ಕೆಲಸ ಮುಗಿಸಿ ಮಗಳು ಒಳಗೆ ಬಂದಳು. ಧಣಿ ಎದ್ದು ನಿಂತು, "ತಾಯಿ, ಧೈರ್ಯ ತಂದ್ಕೋಬೇಕು. ತಂದೆ ಅನ್ನೋ ನೆರಳು ಹೋದ್ಮೇಲೆ..." ಎಂದು ಶುರು ಮಾಡಿದರು. ಅವಳು ನೋಡಿದರೆ ಆ ನೆರಳು ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿ ತಿನ್ನುತ್ತಿತ್ತು.

"ಅತ್ತುಬಿಡಮ್ಮ" ಎಂದರು ಮಾವ. "ನಿಮ್ಮಪ್ಪ ಹೋದ. ಏನ್ಮಾಡೋದು, ದೊಡ್ಡಪ್ಪ ನಾನಿದೀನಲ್ಲ."

ಅವಳು ಕಲ್ಲು ಓದಿದಳು. ಗಂಡನ ಮುಖ ನೋಡಿದಳು. ಮದುವೆಯಾದಾಗಿನಿಂದ ಆ ಮುಖವನ್ನು ಓದಿ ಅಭ್ಯಾಸವಿದ್ದದ್ದರಿಂದ ಬೇರೆ ವಿವರಣೆ ಬೇಕಾಗಲಿಲ್ಲ. ಕುರ್ಚಿಯ ಮೇಲೆ ಕುಸಿದು ನಿಜವಾಗಿಯೇ ಅತ್ತಳು. ತಂದೆಗಾಗಿ ಅಲ್ಲ, ತನಗಾಗಿ.

"ಅವನಿಗೆ ಇದ್ದದ್ದು ಒಂದೇ ಆಸೆ" ಎಂದರು ಮಾವ, ಮಾತಿನ ರುಚಿ ಹತ್ತಿಬಿಟ್ಟಿತ್ತು. "ಆ ಮೈದಾನದ ಕುರ್ಚಿ. ಅದೇ ಅವನ ಸಿಂಹಾಸನ."

ಈ ಮಾತೇ ಮುಳುವಾಯಿತು. ಧಣಿ ಸುಮ್ಮನಿರುವ ಜನವಲ್ಲ. ಕ್ಲಬ್ಬಿಗೆ ಬಹುಮಾನದ ಕಪ್ಪು ಕೆತ್ತಿಕೊಡುತ್ತಿದ್ದ ಹಳೆಯ ಪರಿಚಯವಿತ್ತು. ಕಲ್ಲನ್ನು ಮತ್ತೆ ಗೋಣಿಯಲ್ಲಿ ಸುತ್ತಿಸಿಕೊಂಡು ನೇರ ಕ್ಲಬ್ಬಿನ ಕಚೇರಿಗೆ ಹೋದರು. ಕ್ಲಬ್ಬು ಮುಚ್ಚಿತೆಂಬ ಸುದ್ದಿ ಓದಿಯೇ ಎದೆಯೊಡೆದು ಸತ್ತ ಅಭಿಮಾನಿ! ಹಾಸಿಗೆ ಸಾಹುಕಾರನ ಕಡೆಯವರಿಗೆ ಹಬ್ಬವೇ ಆಯಿತು. ವಾರದೊಳಗೆ ಪತ್ರಿಕೆಗಳಲ್ಲಿ ಬಂತು: ಮೊದಲ ಪಂದ್ಯದ ದಿನ ಮಾವನಿಗೆ ಒಂದು ನಿಮಿಷದ ಮೌನ, ಮಾವನ ಕುರ್ಚಿಗೆ ಕಲ್ಲಿನ ಫಲಕ, ಆ ಕುರ್ಚಿ ಇನ್ನು ಮುಂದೆ ಸದಾ ಖಾಲಿ.

ಕೆಳಮನೆಯ ಮೇಷ್ಟರು ಪತ್ರಿಕೆ ಹಿಡಿದುಕೊಂಡೇ ಮೆಟ್ಟಿಲ ಬಳಿ ಮಾವನನ್ನು ತಡೆದರು. "ನೀವು ತೀರಿಕೊಂಡಿದ್ದೀರಿ ಅಂತ ಬಂದಿದೆಯಲ್ಲ?"

"ಸುಳ್ಳು ಮೇಷ್ಟ್ರೇ."

"ಪೇಪರಿನಲ್ಲಿ ಬಂದಿದೆ ಸ್ವಾಮಿ" ಎಂದು ಮೇಷ್ಟರು ಕನ್ನಡಕದ ಮೇಲಿನಿಂದ ದಿಟ್ಟಿಸಿದರು. "ಹಾಗಾದ್ರೆ ನೀವು ಯಾರು?"

ಮಾವ ಮೇಲೆ ಬಂದು ಅಳಿಯನ ಎದುರು ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಹೇಳಿದ್ದು ಒಂದೇ. "ಕಲ್ಲು ಇದ್ರೆ ಇರ್ಲಿ. ಪೇಪರ್ ಇದ್ರೆ ಇರ್ಲಿ. ಕುರ್ಚಿ ಖಾಲಿ ಅಂದ್ರೆ ಏನೋ? ನಾನೆಲ್ಲಿ ಕೂತ್ಕೊಳ್ಳಲಿ?"

ಆಫ್‌ಸೈಡ್ ಕ್ಲಬ್ಬಿನ ಕಚೇರಿಗೆ ಓಡಿದ. ಅಲ್ಲಿ ಪ್ರಚಾರದ ಉಸ್ತುವಾರಿ ಹೊತ್ತ ಮೇಡಂ ಒಬ್ಬರಿದ್ದರು. ಇವನು ಯಾರೆಂದು ತಿಳಿದದ್ದೇ ಎದ್ದು ನಿಂತು ಎರಡೂ ಕೈ ಹಿಡಿದುಕೊಂಡರು.

"ಮೇಡಂ, ನಮ್ಮ ಮಾವ ಬದುಕಿದ್ದಾರೆ."

"ನಮ್ಮೆಲ್ಲರ ಮನಸ್ಸಿನಲ್ಲಿ ಬದುಕಿದ್ದಾರೆ ಸಾರ್."

"ಅಲ್ಲ ಮೇಡಂ, ಮನೇಲಿ ಬದುಕಿದ್ದಾರೆ. ಈಗ ಸ್ನಾನ ಮಾಡ್ತಿದ್ದಾರೆ."

ಮೇಡಂ ಕೈ ಬಿಟ್ಟರು. ಎದ್ದು ಹೋಗಿ ಬಾಗಿಲು ಹಾಕಿ ಬಂದರು. "ಸಾರ್, ಟಿಕೆಟ್ಟೆಲ್ಲ ಅವರ ಹೆಸರಿನ ಮೇಲೆ ಮಾರಾಟ ಆಗಿದೆ. ಈಗ ಇದು ಸುಳ್ಳು ಅಂತಾದ್ರೆ ಸಾಹುಕಾರರು ಕ್ಲಬ್ಬೂ ಬೇಡ, ಏನೂ ಬೇಡ ಅಂತ ಎದ್ದು ಹೋಗ್ತಾರೆ. ಕೈ ಮುಗೀತೀನಿ, ಮೊದಲ ಪಂದ್ಯ ಮುಗಿಯೋವರೆಗೆ ಅವರನ್ನ ಬದುಕಿಸಬೇಡಿ. ಆಮೇಲೆ ನಿಮ್ಮ ಧಣಿಯೇ ಬಂದು, ತಪ್ಪಾಯ್ತು, ಕಲ್ಲು ತೆಗೀರಿ ಅಂತ ಹೇಳ್ಲಿ. ತೆಗೀತೀವಿ. ಅಲ್ಲಿವರೆಗೆ ದೊಡ್ಡ ಮನಸ್ಸು ಮಾಡಿ."

ದೊಡ್ಡ ಮನಸ್ಸು ಮಾಡುವುದೆಂದರೆ ಆಫ್‌ಸೈಡನಿಗೆ ಹೂಂ ಎನ್ನುವುದು. ಅಂದ.

ಮೊದಲ ಪಂದ್ಯಕ್ಕೆ ಮೈದಾನ ತುಂಬಿತ್ತು. ಮಾವನ ಕುರ್ಚಿಯ ಬೆನ್ನಿಗೆ ಕಲ್ಲಿನ ಫಲಕ ಕೂತಿತ್ತು, ಸುತ್ತ ಹಗ್ಗ ಕಟ್ಟಿದ್ದರು, ಕಾಯಲು ಒಬ್ಬ ಕಾವಲುಗಾರನಿದ್ದ. ಮಾವನಿಗೆ 'ಮೃತರ ಅಣ್ಣ' ಎಂಬ ಚೀಟಿ ಕೊಟ್ಟು ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ದೊಡ್ಡ ಪರದೆಯ ಮೇಲೆ, ಕ್ರೇನಿನ ಮೆಟ್ಟಿಲ ಮೇಲೆ ದಪ್ಪ ಮೀಸೆ ಬಿಟ್ಟುಕೊಂಡು ನಿಂತ ಮಾವನ ಹರೆಯದ ಚಿತ್ರ ಬಂತು. ಎರಡು ಸಾಲು ಹಿಂದೆ ಕೂತಿದ್ದ ಧಣಿ, "ಥೇಟ್ ಅಣ್ಣನ ಮೂಗೇ!" ಎಂದು ಬಿಕ್ಕಿದರು.

ರೆಫರಿ ಸೀಟಿ ಊದಿದ. ಅಷ್ಟೂ ಜನ ಎದ್ದು ನಿಂತರು. ಎಲ್ಲೋ ಒಂದು ಮಗು ಕೆಮ್ಮಿತು, ಅದೂ ನಿಂತಿತು. ಮಾವ ಮಫ್ಲರ್ ಎದೆಗೊತ್ತಿಕೊಂಡು, ತುಟಿ ಕಚ್ಚಿಕೊಂಡು, ತಮಗೆ ತಾವೇ ಮೌನ ಆಚರಿಸಿದರು. ಕಣ್ಣಲ್ಲಿ ನೀರು ತುಂಬಿತ್ತು.

"ಇಷ್ಟು ಜನ ಕಣೋ" ಎಂದು ಪಿಸುಗುಟ್ಟಿದರು. "ಇಷ್ಟು ವರ್ಷ ಇಲ್ಲಿ ಕೂತು ಗಂಟಲು ಹರ್ಕೊಂಡಿದೀನಿ, ಒಬ್ಬನೂ ತಿರುಗಿ ನೋಡಿರಲಿಲ್ಲ."

ಆಟ ಶುರುವಾದ ಮೇಲೆ ಅಳುವುದಕ್ಕೆ ಬೇರೆ ಕಾರಣಗಳು ಸಿಕ್ಕವು. ಸಾಹುಕಾರ ಸಾಲ ತೀರಿಸಿದ್ದನೇ ಹೊರತು ಕಾಲು ಕೊಡಿಸಿರಲಿಲ್ಲ. ನಮ್ಮವರು ನಾಲ್ಕು ಗೋಲು ತಿಂದರು. ಪಕ್ಕದ ಕುರ್ಚಿಗೆ ಕಂಬ ಅಡ್ಡ ಬರುತ್ತಿರಲಿಲ್ಲವಾದ್ದರಿಂದ ಮಾವ ನಾಲ್ಕನ್ನೂ ಕಣ್ಣಾರೆ ಕಂಡರು.

"ಸತ್ತ ಮೇಲೆ ಎಲ್ಲಾ ಕಾಣಿಸುತ್ತೆ ಕಣೋ" ಎಂದರು.

ವಿರಾಮದಲ್ಲಿ ಸದ್ದಿಲ್ಲದೆ ಹಗ್ಗದ ಅಡಿಯಿಂದ ನುಸುಳಿ ತಮ್ಮ ಕುರ್ಚಿಯ ಮೇಲೆ ಕೂರಲು ಹೊರಟರು. ಅರ್ಧ ಬಗ್ಗಿದ್ದರು. ಕಾವಲುಗಾರ ಬಂದು ರಟ್ಟೆ ಹಿಡಿದ.

"ಅಜ್ಜಾ, ಅದು ಸತ್ತವರ ಜಾಗ. ವಯಸ್ಸಾದವರು, ನೀವೇ ಹಿಂಗೆ ಮಾಡಿದ್ರೆ ಹೆಂಗೆ? ಸ್ವಲ್ಪ ಗೌರವ ಇರ್ಲಿ."

"ಒಂದೇ ನಿಮಿಷ ಕೂತು ಎದ್ದುಬಿಡ್ತೀನಪ್ಪ."

"ಆಗಲ್ಲ ಅಜ್ಜಾ. ಪಾಪ, ಆ ಮನುಷ್ಯ ಈ ಕುರ್ಚಿಗೋಸ್ಕರ ಜೀವ ಬಿಟ್ಟಿದಾನೆ."

ಹಿಂದಿನ ಸಾಲಿನವರು ಛೀ ಥೂ ಎಂದರು. ಮಾವ ಹಗ್ಗದಿಂದ ಈಚೆ ಬಂದರು. ಆಫ್‌ಸೈಡ್ ತನ್ನ ಬೂಟನ್ನು ನೋಡುತ್ತ ಕೂತಿದ್ದ. ಎದ್ದು ನಿಂತು ಒಂದು ಮಾತು ಕೂಗಿ ಹೇಳಿಬಿಡಬಹುದಿತ್ತು. ಧಣಿ ಎರಡೇ ಸಾಲು ಹಿಂದಿದ್ದರು, ಅದಕ್ಕೇ ಹೇಳಲಿಲ್ಲ.

ಮನೆಗೆ ಬರುವಾಗ ಮಾವ ದಾರಿಯಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಂಡರು. "ಮುಂದಿನ ಪಂದ್ಯದೊಳಗೆ ನನ್ನ ಬದುಕಿಸಿಬಿಡೋ" ಎಂದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. "ಸೋತ್ರೂ ಪರವಾಗಿಲ್ಲ. ಆ ಕಂಬದ ಹಿಂದೆ ಸೋಲಲಿ."

"ಸೋಮವಾರವೇ ಧಣಿಗೆ ಹೇಳ್ತೀನಿ ಮಾವ."

ಸೋಮವಾರ ಧಣಿಗೆ ಹಲ್ಲುನೋವು; ನೋವಿನಲ್ಲಿದ್ದವರಿಗೆ ಇಂಥದ್ದು ಹೇಳಬಾರದು. ಮಂಗಳವಾರ ಹಲ್ಲು ಕೀಳಿಸಿ ಖುಷಿಯಾಗಿದ್ದರು. ಖುಷಿಯಲ್ಲಿದ್ದವರ ಮನಸ್ಸು ಕೆಡಿಸಬಾರದು. ಬುಧವಾರ ಅಂಗಡಿಗೆ ದೊಡ್ಡ ಸಾವೊಂದು ಬಂತು. ಕೆಲಸ ಹೋದರೆ ಮನೆ ನಡೆಯುವುದು ಹೇಗೆ ಎಂಬ ಭಯಕ್ಕೆ ದಿನಕ್ಕೊಂದು ವೇಷ. ದಿನಾ ಸಂಜೆ ಅವನು ಬಾಗಿಲು ತೆಗೆಯುತ್ತಿದ್ದಂತೆ ಒಳಗಿನಿಂದ ಮಾವ ಕೇಳುತ್ತಿದ್ದರು: "ಏನೋ, ನಾನು ಬದುಕಿದ್ನಾ?"

"ನಾಳೆ ಮಾವ."

"ಸರಿ. ನೀನು ಎಲ್ಲದಕ್ಕೂ ಮುಂಚೆ ಓಡ್ತಿದ್ದೆ, ಇದೊಂದಕ್ಕೆ ಮಾತ್ರ ನಿಂತ್ಕೊಂಡ್ಬಿಟ್ಟೆ ನೋಡು."

ಪಂದ್ಯದ ದಿನ ಬೆಳಿಗ್ಗೆ ಹೆಂಡತಿ ಎದುರು ನಿಂತಳು. "ಇವತ್ತು ಹೇಳದೆ ಬಂದ್ರೆ ನಾನೇ ಅಂಗಡಿಗೆ ಬಂದು ಹೇಳ್ತೀನಿ. ಅಪ್ಪ ಎದ್ದಾಗಿನಿಂದ ಬಟ್ಟೆ ಹಾಕ್ಕೊಂಡು ಕೂತಿದಾರೆ." ಆಫ್‌ಸೈಡ್ ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತ ಗಟ್ಟಿಯಾಗಿ ಅಭ್ಯಾಸ ಮಾಡಿದ: "ಧಣಿ, ನಮ್ಮ ಮಾವ ಬದುಕಿದ್ದಾರೆ. ಧಣಿ, ತಪ್ಪು ನಂದು, ಅವರು ಬದುಕಿದ್ದಾರೆ." ಎದೆಯ ಭಾರ ಇಳಿದ ಹಾಗಾಯಿತು. ಸಾಬೂನಿನ ಮುಖದಲ್ಲೇ ಮುಂದಿನ ಕೋಣೆಗೆ ಕೂಗಿದ: "ಮಾವ! ಮಧ್ಯಾಹ್ನದೊಳಗೆ ನೀವು ಬದುಕಿರ್ತೀರಿ!"

ರೇಜರ್ ಹಿಡಿದುಕೊಂಡೇ ಹೋಗಿ ನೋಡಿದ.

ಮಾವ ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂತಿದ್ದರು. ಕುತ್ತಿಗೆಗೆ ಮಫ್ಲರ್, ಕಾಲಿಗೆ ಬೂಟು. ಒಂದರ ಲಾಡಿ ಕಟ್ಟಿದ್ದರು, ಇನ್ನೊಂದಕ್ಕೆ ಬಗ್ಗಿದವರು ಮೇಲೆದ್ದಿರಲಿಲ್ಲ. ಮಗಳು ಬಂದು ಮಣಿಕಟ್ಟು ಹಿಡಿದು ನೋಡಿದಳು. ಕೆಳಗೆ ಕೂತು ಬಿಚ್ಚಿದ್ದ ಲಾಡಿಯನ್ನು ಕಟ್ಟಿದಳು. ಆಮೇಲೆ ಅತ್ತಳು.

"ಹೋಗಿ ಧಣಿಗೆ ಹೇಳಿ ಬನ್ನಿ" ಎಂದಳು ತುಂಬ ಹೊತ್ತಾದ ಮೇಲೆ. "ಈಗಲಾದ್ರೂ ನಿಜ ಹೇಳಿ."

ಆಫ್‌ಸೈಡ್ ಅಂಗಡಿಗೆ ಹೋಗಿ ನಿಂತ. ಅರ್ಧ ಮುಖಕ್ಕೆ ಸಾಬೂನು ಒಣಗಿ ಅಂಟಿಕೊಂಡಿತ್ತು.

"ಧಣಿ, ಮಾವ ಹೋಗ್ಬಿಟ್ರು."

ಧಣಿ ಉಳಿ ಕೆಳಗಿಟ್ಟು ಎದ್ದು ಬಂದರು. "ಗೊತ್ತಪ್ಪ. ಎಷ್ಟು ದಿನ ಹಿಂಗೇ ಕೊರಗ್ತೀಯ?"

"ಅಲ್ಲ ಧಣಿ, ಇವತ್ತು. ಈಗ. ಅವತ್ತು ಸತ್ತಿರಲಿಲ್ಲ. ಅವತ್ತು ನಾನು ಅತ್ತದ್ದು ಕ್ಲಬ್ಬಿಗೆ. ನಿಮಗೆ ಬಾಗಿಲು ತೆಗೆದದ್ದೇ ಮಾವ. ಬಿಸ್ಕತ್ತು ತಿಂದದ್ದೇ ಮಾವ. ಅಣ್ಣ ಅಂತ ಯಾರೂ ಇಲ್ಲ ಧಣಿ, ನಾನೇ ಸಾಯಿಸಿದ್ದು, ಇವತ್ತು ಬದುಕಿಸಬೇಕು ಅಂತ ಹೊರಟಿದ್ದೆ, ಅಷ್ಟರಲ್ಲಿ..."

ಜನ್ಮದಲ್ಲಿ ಮೊದಲ ಸಲ ಅವನು ಒಂದು ವಿಷಯವನ್ನು ಮೊದಲಿಂದ ಕೊನೆಯವರೆಗೆ ಸರಿಯಾಗಿ ಹೇಳಿದ್ದ. ಧಣಿಯ ಕಣ್ಣು ತುಂಬಿ ಬಂತು.

"ಅಯ್ಯೋ, ಅಣ್ಣನೂ ಹೋದ್ರಾ!" ಎಂದು ಅವನನ್ನು ತಬ್ಬಿಕೊಂಡರು. ಹೆಗಲ ಮೇಲಿನಿಂದ ಕೆಲಸಗಾರರಿಗೆ ಪಿಸುಗುಟ್ಟಿದರು: "ನೀರು ತನ್ರೋ. ಪಾಪ, ಎರಡು ಸಾವೂ ತಲೇಲಿ ಕಲಸಿಹೋಗಿದೆ, ಇಬ್ಬರೂ ಒಬ್ಬರೇ ಅಂತಿದಾನೆ."

"ಇಬ್ಬರೂ ಒಬ್ಬರೇ ಧಣಿ!"

"ಹೌದಪ್ಪ, ಹೌದು. ಅಷ್ಟು ಅನ್ಯೋನ್ಯವಾಗಿದ್ರು." ಧಣಿ ಬೆನ್ನು ಸವರಿದರು. ಕಣ್ಣೊರೆಸಿಕೊಂಡು, ನಿಯಮದ ಮನುಷ್ಯರಾದ್ದರಿಂದ, ಸ್ವಲ್ಪ ಸಂಕೋಚದಿಂದ ಹೇಳಿದರು: "ಹೆಂಡ್ತಿಯ ದೊಡ್ಡಪ್ಪ ಅಂದ್ರೆ ದೂರದವರ ಲೆಕ್ಕ. ಅರ್ಧ ದಿನ ತಗೋ. ಮಧ್ಯಾಹ್ನದ ಮೇಲೆ ಬಾ. ಕಲ್ಲು ಮಾತ್ರ ನಾನೇ ಕೊಡ್ತೀನಿ. ಅವರ ಹೆಸರು ಹೇಳು."

ಆಫ್‌ಸೈಡ್ ಮಾವನ ಹೆಸರು ಹೇಳಿದ.

"ಅದು ತಮ್ಮನ ಹೆಸರು ಕಣೋ. ಆಗ್ಲೇ ಕೆತ್ತಿ ಆಯ್ತಲ್ಲ. ಇವರದ್ದು ಹೇಳು."

ಆಫ್‌ಸೈಡ್ ಕೆತ್ತದೆ ಬಿದ್ದಿದ್ದ ಕಲ್ಲುಗಳ ರಾಶಿಯ ಮೇಲೆ ಕೂತ. ಬಾಯಿ ತೆರೆದ, ಹೂಂ ಕೂಡ ಬರಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಬೀದಿಯವರು ಬಂದು ಇಣುಕುವ ಹಾಗೆ, ಹೋ ಎಂದು ಅಳತೊಡಗಿದ.

ಕೆಲಸಗಾರರು ಉಳಿ ಹಿಡಿದುಕೊಂಡೇ ಸುತ್ತ ನಿಂತರು. ಧಣಿ ತಲೆಯಲ್ಲಾಡಿಸಿದರು.

"ನೋಡ್ರೋ" ಎಂದರು. "ಸ್ವಂತ ಮಾವ ಹೋದಾಗ್ಲೂ ಇವನು ಇಷ್ಟು ಅತ್ತಿರಲಿಲ್ಲ."